ಹಳೇ ಲ್ಯಾಪ್‌ಟಾಪ್‌ಗೆ ಮಿಂಟ್, ಲುಬುಂಟು, ಆ್ಯಂಟಿಎಕ್ಸ್: ಯಾವುದು?

ಇವು ಮೂರೂ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳು (ಓಎಸ್). ಮೊದಲು ರ‍್ಯಾಮ್ ಎಷ್ಟಿದೆ ನೋಡಿ. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ (ಪರದೆ ಮೇಲೆ ಕಾಣುವ ಮೆನು, ವಿಂಡೋಗಳ ವ್ಯವಸ್ಥೆ) ಇರುವ ಆವೃತ್ತಿಯನ್ನೇ ಹಾಕಿಕೊಳ್ಳಿ. ವಿಂಡೋಸ್ ಬಳಸಿದವರಿಗೆ ಮೆನು, ಟಾಸ್ಕ್‌ಬಾರ್ ಎಲ್ಲ ಗೊತ್ತಿರೋ ಜಾಗದಲ್ಲೇ ಸಿಗುತ್ತವೆ. 2 ಜಿಬಿ ಮಾತ್ರ ಇದ್ದರೆ ಲುಬುಂಟು ವಾಸಿ. ಅದರ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಗುರ.

ಪ್ರೊಸೆಸರ್ 32 ಬಿಟ್‌ನದಾದರೆ ಇವೆರಡರ ಹೊಸ ಆವೃತ್ತಿಗಳೂ ನಡೆಯುವುದಿಲ್ಲ. ಆಗ ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್ ಓಎಸ್ ಆಧರಿಸಿದ ಆ್ಯಂಟಿಎಕ್ಸ್ 23 ನೋಡಿ. ನೋಡೋಕೆ ಸಪ್ಪೆ, ಸೆಟ್ಟಿಂಗ್ಸ್ ಹುಡುಕೋಕೆ ಸ್ವಲ್ಪ ತಾಳ್ಮೆ ಬೇಕು. ಆದರೂ 1 ಜಿಬಿ ರ‍್ಯಾಮ್‌ನಲ್ಲೂ ಫೋಲ್ಡರ್‌ಗಳು ಪಟಪಟ ಅಂತ ತೆರೆಯುವುದು ನೋಡಿದರೆ ಖುಷಿಯಾಗುತ್ತೆ.

ಬ್ರೌಸರ್ ಮಾತ್ರ ಎಲ್ಲಿದ್ದರೂ ರ‍್ಯಾಮ್ ನುಂಗೇ ನುಂಗುತ್ತೆ. ಜಾಸ್ತಿ ಟ್ಯಾಬ್ ತೆರೆಯೋರಿಗೆ ಓಎಸ್ ಬದಲಿಸಿದರಷ್ಟೇ ಸಾಲದು, ರ‍್ಯಾಮ್ ಕೂಡ ಹೆಚ್ಚಿಸಬೇಕು.

ಮೂರನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ವೈಫೈ, ಸೌಂಡ್ ಸರಿಯಾಗಿ ಬಂದರೆ ಮಾತ್ರ ಇನ್‌ಸ್ಟಾಲ್ ಮಾಡಿ.