ಎಂಟು ದೀಪದಿಂದ ಫ್ಲೂಕ್‌ವರೆಗೆ: ಕೇಬಲ್ ಪರೀಕ್ಷೆಗೆ ಯಾವುದು ಸಾಕು, ಯಾವುದು ಸಾಲದು

ಕೊಡಗಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವವರಿಗೆ ಸಿಗುವ ಕೆಲಸ ಹೆಚ್ಚಾಗಿ ಹೋಂಸ್ಟೇ, ರೆಸಾರ್ಟ್, ಶಾಲೆಯ ಕಂಪ್ಯೂಟರ್ ಲ್ಯಾಬ್, ತೋಟದ ಬಂಗಲೆಯ ಕ್ಯಾಮೆರಾ. ಕೆಲಸ ಮುಗಿಸಿ ಬಿಲ್ ಕೊಡುವಾಗ ‘ಎಲ್ಲಾ ಟೆಸ್ಟ್ ಮಾಡಿದೀವಿ ಸಾರ್’ ಅಂತ ನಾವೆಲ್ಲ ಹೇಳುತ್ತೇವೆ. ಯಾವುದರಲ್ಲಿ ಟೆಸ್ಟ್ ಮಾಡಿದಿರಿ ಅಂತ ತಿರುಗಿ ಕೇಳುವ ಗ್ರಾಹಕರು ಅಪರೂಪ. ಕೇಳಿದರೆ ಉತ್ತರಗಳು ಎಷ್ಟು ಬೇರೆಬೇರೆ ಬರುತ್ತವೆ ಅಂತ ತಿಳಿಯಬೇಕೆಂದೇ ಈ ಹೋಲಿಕೆ.

ಕಕ್ಕಡ ತಿಂಗಳ (ಆಟಿಯ) ಮಳೆಗೆ ಹೊರಗಿನ ಕೆಲಸ ನಿಂತಿದ್ದಾಗ ಕುಶಾಲನಗರದ ನಮ್ಮ ಅಂಗಡಿಯಲ್ಲಿ ಕ್ಯಾಟ್ 6 (ಎಂಟು ತಂತಿಯನ್ನು ಎರಡೆರಡಾಗಿ ತಿರುಚಿದ, ನಾಲ್ಕು ಜೋಡಿಯ ನೆಟ್‌ವರ್ಕ್ ಕೇಬಲ್) ತುಂಡುಗಳನ್ನು ಬೇಕಂತಲೇ ಕೆಡಿಸಿ ಇಟ್ಟುಕೊಂಡೆ. ಎಲ್ಲವೂ ಸುಮಾರು 50 ಮೀಟರ್, ಎರಡೂ ತುದಿಗೆ ಐಓ ಜ್ಯಾಕ್, ಅಂದರೆ ಗೋಡೆಗೆ ಕೂರಿಸುವ ನೆಟ್‌ವರ್ಕ್ ಸಾಕೆಟ್. ಒಂದರಲ್ಲಿ ಜೋಡಿ ಒಡೆದಿದ್ದೆ, ಒಂದರಲ್ಲಿ ಜ್ಯಾಕ್ ಹತ್ತಿರ ತಿರುಚನ್ನು ಉದ್ದಕ್ಕೆ ಬಿಚ್ಚಿದ್ದೆ, ಒಂದಕ್ಕೆ ಮಧ್ಯದಲ್ಲಿ ಮೊಳೆ ಹೊಡೆದಿದ್ದೆ. ಇನ್ನೊಂದು ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು. ಜೊತೆಗೆ ಸರಿಯಾದ ತುಂಡೊಂದು. ಎದುರಿಗೆ ಐದು ಪರೀಕ್ಷಕರು: ಎಂಟು ದೀಪದ ಲ್ಯಾನ್ ಟೆಸ್ಟರ್, ಮಲ್ಟಿಮೀಟರ್, ಐಪರ್ಫ್ (ವೇಗ ಅಳೆಯುವ ತಂತ್ರಾಂಶ) ಹಾಕಿದ ಎರಡು ಲ್ಯಾಪ್‌ಟಾಪ್, ಫ್ಲೂಕ್ ಕಂಪನಿಯ ಕೈಯಲ್ಲಿ ಹಿಡಿಯುವ ಕೇಬಲ್ ಟೆಸ್ಟರ್ ಲಿಂಕ್‌ಐಕ್ಯೂ, ಬೆಂಗಳೂರಿನಿಂದ ಬಾಡಿಗೆಗೆ ತರಿಸಿದ ಅದೇ ಕಂಪನಿಯ ಡಿಎಸ್‌ಎಕ್ಸ್-5000, ಅಂದರೆ ಕೇಬಲ್ ಕ್ಯಾಟ್ 6 ಮಟ್ಟಕ್ಕಿದೆಯೇ ಅಂತ ಪ್ರಮಾಣೀಕರಿಸುವ ಯಂತ್ರ.

ಜೋಡಿ ಒಡೆದ ತುಂಡೇ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಕರೆಂಟ್ ಕೆಲಸದವರು ಆರ್‌ಜೆ45 (ಕೇಬಲ್ ತುದಿಯ ಎಂಟು ಪಿನ್ನಿನ ಪ್ಲಗ್) ಹಾಕಿದಾಗ ಈ ತಪ್ಪು ಸಾಮಾನ್ಯ. ಅವರ ಲೆಕ್ಕ ನೇರ: ಕಿತ್ತಳೆ ಜೋಡಿ 1-2, ಹಸಿರು 3-4, ನೀಲಿ 5-6, ಕಂದು 7-8, ಎರಡೂ ಕಡೆ ಹಾಗೇ. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ಈಥರ್ನೆಟ್‌ಗೆ 3 ಮತ್ತು 6 ಒಂದೇ ತಿರುಚಿದ ಜೋಡಿಯಲ್ಲಿರಬೇಕು, 4 ಮತ್ತು 5 ಇನ್ನೊಂದರಲ್ಲಿ. ಕರೆಂಟ್ ಕೆಲಸದವರ ಲೆಕ್ಕದಂತೆ ಹಾಕಿದರೆ ಒಂದೇ ಸಿಗ್ನಲ್‌ನ ಎರಡು ತಂತಿಗಳು ಬೇರೆಬೇರೆ ಜೋಡಿಯಲ್ಲಿ ಓಡುತ್ತವೆ. ಒಂದಕ್ಕೊಂದು ಸುತ್ತಿಕೊಂಡಿರುವುದರಿಂದ ಸಿಗುವ ರಕ್ಷಣೆ ತಪ್ಪುತ್ತದೆ, ಪಕ್ಕದ ಜೋಡಿಯ ಸದ್ದೆಲ್ಲ ಇದರೊಳಕ್ಕೆ ನುಗ್ಗುತ್ತದೆ.

ಎಂಟು ದೀಪದ ಟೆಸ್ಟರ್ ಹಾಕಿದೆ. ಒಂದು, ಎರಡು, ಮೂರು... ಎಂಟರವರೆಗೂ ಹಸಿರು, ಸಾಲಾಗಿ. ನಮ್ಮ ಹುಡುಗ ಸೈಟಿನಲ್ಲಿ ಹೇಳುವ ಮಾತನ್ನೇ ಇಲ್ಲೂ ಹೇಳಿದ: ‘ಅಣ್ಣ, ಲೈಟೆಲ್ಲ ಬರ್ತಿದೆ, ಇನ್ನೇನು?’ ಅವನದ್ದು ತಪ್ಪಲ್ಲ. ಈ ಡಬ್ಬಿ ನೋಡುವುದು ಈ ತುದಿಯ ಮೂರನೇ ಪಿನ್ ಆ ತುದಿಯ ಮೂರನೇ ಪಿನ್ನಿಗೆ ತಲುಪಿತೇ ಎಂಬುದನ್ನು ಮಾತ್ರ. ಯಾವ ತಂತಿ ಯಾವುದರ ಜೊತೆ ಸುತ್ತಿಕೊಂಡು ಬಂತು ಅನ್ನುವುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಮಲ್ಟಿಮೀಟರಿಗೂ ಅಷ್ಟೇ.

ಲ್ಯಾಪ್‌ಟಾಪ್ ಸ್ವಲ್ಪ ಸುಳಿವು ಕೊಟ್ಟಿತು. ಒಮ್ಮೆ ಗಿಗಾಬಿಟ್ ಲಿಂಕ್ ಬಂತು, ಬಿಚ್ಚಿ ಹಾಕಿದರೆ 100 ಎಂಬಿಪಿಎಸ್‌ಗೆ ಇಳಿಯಿತು, ಐಪರ್ಫ್ ಓಡಿಸಿದರೆ ವೇಗ ಹಾವು ಏಣಿ ಆಡಿತು. ಏನೋ ಸರಿಯಿಲ್ಲ ಅಂತ ಗೊತ್ತಾಯಿತು, ಏನು ಅಂತ ಇಲ್ಲ. ಲಿಂಕ್‌ಐಕ್ಯೂ ನೇರವಾಗಿ 3,6 ಮತ್ತು 4,5 ಒಡೆದಿವೆ ಅಂತ ಚಿತ್ರ ಬಿಡಿಸಿ ತೋರಿಸಿತು. ಡಿಎಸ್‌ಎಕ್ಸ್ ಕೂಡ ಅದನ್ನೇ ಹೇಳಿ, ನೆಕ್ಸ್ಟ್ ಸಾಲನ್ನು ಕೆಂಪು ಮಾಡಿತು. ನೆಕ್ಸ್ಟ್ ಅಂದರೆ ಒಂದು ಜೋಡಿಯಲ್ಲಿ ಕಳಿಸಿದ ಸಿಗ್ನಲ್ ಅದೇ ತುದಿಯಲ್ಲಿ ಪಕ್ಕದ ಜೋಡಿಗೆ ಎಷ್ಟು ಸೋರಿತು ಎಂಬ ಅಳತೆ.

ತಿರುಚು ಬಿಚ್ಚಿದ ತುಂಡಿನ ಕತೆ ಬೇರೆ. ಜ್ಯಾಕಿನಲ್ಲಿ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು ಅನ್ನುವುದು ನಿಯಮ. ನಾನು ಎರಡೂ ಕಡೆ ಹೆಬ್ಬೆರಳುದ್ದ ಬಿಚ್ಚಿದ್ದೆ. ಎಂಟು ದೀಪ ಹಸಿರು. ಲ್ಯಾಪ್‌ಟಾಪಿನಲ್ಲಿ 940 ಎಂಬಿಪಿಎಸ್, ಅಂದರೆ ಗಿಗಾಬಿಟ್ ಲಿಂಕ್ ಕೊಡಬಹುದಾದಷ್ಟೂ ಕೊಟ್ಟಿತು. ಲಿಂಕ್‌ಐಕ್ಯೂ ಕೂಡ ಗಿಗಾಬಿಟ್‌ಗೆ ಸೈ ಅಂದಿತು. ಡಿಎಸ್‌ಎಕ್ಸ್ ಮಾತ್ರ ಫೇಲ್ ಅಂದು, ದೋಷ ಎರಡೂ ತುದಿಯ ಜ್ಯಾಕಿನಲ್ಲೇ ಇದೆ ಅಂತ ಗ್ರಾಫಿನಲ್ಲಿ ಎರಡು ಕೊಂಬು ತೋರಿಸಿತು.

ಹಾಗಾದರೆ ಸುಳ್ಳು ಹೇಳಿದ್ದು ಯಾರು? ಯಾರೂ ಇಲ್ಲ. ಗಿಗಾಬಿಟ್ ಈಥರ್ನೆಟ್ ರೂಪಿಸಿದ್ದೇ 100 ಮೆಗಾಹರ್ಟ್ಸ್‌ನ ಕೇಬಲ್ಲಿಗೆ. ಕ್ಯಾಟ್ 6ರ ಮಾತು 250 ಮೆಗಾಹರ್ಟ್ಸ್‌ವರೆಗಿನದ್ದು, ಕ್ಯಾಟ್ 6ಎ ಆದರೆ 500. ಸ್ಪೀಡ್ ಟೆಸ್ಟ್ ಇವತ್ತಿನ ಸ್ವಿಚ್ ಓಡುತ್ತದೆಯೇ ಅಂತ ಹೇಳುತ್ತದೆ. ಗ್ರಾಹಕರು ದುಡ್ಡು ಕೊಟ್ಟದ್ದು ಕ್ಯಾಟ್ 6ಕ್ಕೆ. ಅದು ಬಂತೇ ಅಂತ ಹೇಳಬಲ್ಲದ್ದು ಈ ಐದರಲ್ಲಿ ಒಂದೇ. ಮುಂದೆ ವೈಫೈಗೆ 2.5 ಅಥವಾ 5 ಗಿಗಾಬಿಟ್ ಆಕ್ಸೆಸ್ ಪಾಯಿಂಟ್ ಹಾಕಿಸಿದಾಗ ವ್ಯತ್ಯಾಸ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ಫಾಲ್ಸ್ ಸೀಲಿಂಗ್ ಮುಚ್ಚಿ ವರ್ಷಗಳಾಗಿರುತ್ತವೆ.

ಮೊಳೆ ಹೊಡೆದದ್ದರಲ್ಲಿ ಹೇಳುವುದು ಹೆಚ್ಚಿಲ್ಲ. ತಂತಿ ತುಂಡಾಗಿದ್ದರಿಂದ ಎಲ್ಲವೂ ಹಿಡಿದವು. ಎಷ್ಟು ಮೀಟರಿನಲ್ಲಿ ಅಂತ ಹೇಳಿದ್ದು ಕೊನೆಯ ಎರಡು. ಗೋಡೆ ಒಡೆಯುವ ಮುನ್ನ ಅದೊಂದು ಅಂಕಿಗೆ ಎಷ್ಟು ಬೆಲೆ ಅಂತ ಹಳೇ ಮಣ್ಣಿನ ಗೋಡೆಯ ಬಂಗಲೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಸಿಸಿಎ ತುಂಡಿನಲ್ಲಿ ಆಟ ಮಗುಚಿತು. ಎಂಟು ದೀಪ, ಐಪರ್ಫ್, ಲಿಂಕ್‌ಐಕ್ಯೂ ಮೂರೂ ಒಪ್ಪಿದವು. ಲಕ್ಷಗಟ್ಟಲೆ ಬೆಲೆಯ ಡಿಎಸ್‌ಎಕ್ಸ್ ಕೂಡ ನನ್ನ ತುಂಡನ್ನು ಪಾಸ್ ಮಾಡಿತು! ಹಿಡಿದದ್ದು ಮಲ್ಟಿಮೀಟರ್. ಆ ತುದಿಯಲ್ಲಿ ಒಂದು ಜೋಡಿಯ ಎರಡು ತಂತಿ ಸೇರಿಸಿ, ಈ ತುದಿಯಲ್ಲಿ ಓಮ್ ನೋಡಿದೆ. 23 ಗೇಜ್ ದಪ್ಪದ ಶುದ್ಧ ತಾಮ್ರ 50 ಮೀಟರಿಗೆ ಹೋಗಿ ಬರುವ ದಾರಿಯಲ್ಲಿ 7 ಓಮ್ ಆಸುಪಾಸು ತೋರಿಸಬೇಕು. ಇದು 10 ದಾಟಿತ್ತು. ಡಿಎಸ್‌ಎಕ್ಸ್ ರಿಪೋರ್ಟಿನಲ್ಲೂ ಅದೇ ಅಂಕಿ ಇತ್ತು. ಆದರೆ ಕ್ಯಾಟ್ 6 ಪರ್ಮನೆಂಟ್ ಲಿಂಕಿಗೆ (ಕಾಯಂ ಆಗಿ ಕೂರುವ, ಜ್ಯಾಕಿನಿಂದ ಜ್ಯಾಕಿನವರೆಗಿನ ಭಾಗಕ್ಕೆ) ಮಿತಿ 21 ಓಮ್, ಅದೂ 90 ಮೀಟರಿನ ಪೂರ್ತಿ ಉದ್ದವನ್ನು ಲೆಕ್ಕಕ್ಕೆ ಹಿಡಿದದ್ದು. ತುಂಡು ಚಿಕ್ಕದಾದರೆ ಅಲ್ಯೂಮಿನಿಯಂ ಆ ಮಿತಿಯೊಳಗೆ ಆರಾಮಾಗಿ ನುಸುಳುತ್ತದೆ. ಪಾಸ್ ಅಂತ ಬಂದ ಕೂಡಲೇ ರಿಪೋರ್ಟ್ ಮಡಚಿ ಇಡುವವರಿಗೆ ಇದು ಕಾಣುವುದಿಲ್ಲ. ಓಮ್ ಅನ್ನು ಉದ್ದದಿಂದ ಭಾಗಿಸಿ ನೋಡಬೇಕು. ಬ್ಲೇಡಿನಿಂದ ತಂತಿ ಕೆರೆದರೂ ಒಳಗಿನ ಬಿಳುಪು ಎದ್ದು ಕಾಣುತ್ತದೆ.

ಇದು ಪುಸ್ತಕದ ಮಾತಲ್ಲ. ಕಾಫಿ ಕಣದ ಮೇಲೆ ಕಾವಲಿಗೆ ಕ್ಯಾಮೆರಾ ಹಾಕಿಸುವವರು ಈಚೆಗೆ ಬಹಳ. ಹಗಲೆಲ್ಲ ಚೆನ್ನಾಗಿ ಓಡುವ ಕ್ಯಾಮೆರಾ ಸಂಜೆಯಾಗುತ್ತಿದ್ದಂತೆ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಕತ್ತಲಾದಾಗ ಕ್ಯಾಮೆರಾದ ಐಆರ್ (ಇನ್‌ಫ್ರಾರೆಡ್) ದೀಪ ಹೊತ್ತಿಕೊಳ್ಳುತ್ತದೆ, ಪಿಓಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ) ಮೂಲಕ ಎಳೆಯುವ ಕರೆಂಟ್ ಏರುತ್ತದೆ, ಅಲ್ಯೂಮಿನಿಯಂನಲ್ಲಿ ವೋಲ್ಟೇಜ್ ಬೀಳುತ್ತದೆ. ಕ್ಯಾಮೆರಾ ಬದಲಿಸಿದರೆ ಹೊಸದೂ ಹಾಗೇ ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ನನ್ನ ಬ್ಯಾಗಿನಲ್ಲಿ ಏನಿದೆ? ಎಂಟು ದೀಪದ ಡಬ್ಬಿ ಇದೆ, ಪ್ಯಾಚ್ ಕಾರ್ಡಿಗೆ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್) ಪ್ಲಗ್ ಕ್ರಿಂಪ್ ಮಾಡಿದಾಗ ನೋಡಿಕೊಳ್ಳಲು. ಮಲ್ಟಿಮೀಟರ್ ಇದೆ, ಹೊಸ 305 ಮೀಟರಿನ ಬಾಕ್ಸ್ ಬಂದ ದಿನವೇ ಬಳಸಲು; ಎಳೆದ ಮೇಲೆ ಅಳೆದು ಪ್ರಯೋಜನವಿಲ್ಲ. ಲಿಂಕ್‌ಐಕ್ಯೂ ಬೆಲೆ ಸಣ್ಣದಲ್ಲ, ಆದರೂ ಹೋಂಸ್ಟೇ, ಕ್ಯಾಮೆರಾ, ಸಣ್ಣ ಆಫೀಸಿನ ಕೆಲಸಕ್ಕೆ ಅದೇ ನನ್ನ ಆಯ್ಕೆ. ದೋಷ ಎಷ್ಟು ದೂರದಲ್ಲಿದೆ, ಸ್ವಿಚ್ಚಿನ ಯಾವ ಪೋರ್ಟ್, ಪಿಓಇ ಎಷ್ಟು ಸಿಗುತ್ತಿದೆ ಎಲ್ಲ ಒಂದೇ ಕಡೆ ಸಿಗುತ್ತದೆ. ಇಬ್ಬರು ಕಂಟ್ರಾಕ್ಟರು ಸೇರಿ ಕೊಂಡರೂ ಸರಿ. ಐಪರ್ಫ್ ಗ್ರಾಹಕರ ಸಮಾಧಾನಕ್ಕೆ.

ಡಿಎಸ್‌ಎಕ್ಸ್ ಕೊಳ್ಳುವ ಯೋಚನೆ ನನಗಿಲ್ಲ. ಯಂತ್ರದ ಬೆಲೆಯ ಮೇಲೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್, ಸವೆಯುವ ಅಡಾಪ್ಟರ್. ಇಲ್ಲಿನ ಕೆಲಸದಲ್ಲಿ ಅದು ಗಿಟ್ಟುವುದಿಲ್ಲ. ಟೆಂಡರಿನಲ್ಲಿ ಕೇಳಿದರೆ ಅಥವಾ ಕೇಬಲ್ ಕಂಪನಿಯ ವಾರಂಟಿ ಬೇಕಿದ್ದರೆ ಬಾಡಿಗೆಗೆ ತರಿಸುತ್ತೇನೆ. ಒಂದು ಲಿಂಕಿನ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು. ಹೊತ್ತು ಹಿಡಿಯುವುದು ಐಓದಿಂದ ಐಓಗೆ ನಡೆಯುವುದಕ್ಕೆ ಮತ್ತು ಲೇಬಲ್ ಇಲ್ಲದ ಪೋರ್ಟ್ ಹುಡುಕುವುದಕ್ಕೆ. ಅದಕ್ಕೇ ಯಂತ್ರ ಬರುವ ಮೊದಲೇ ಲೇಬಲ್ ಮುಗಿದಿರಬೇಕು, ಸೀಲಿಂಗ್ ಇನ್ನೂ ಮುಚ್ಚಿರಬಾರದು, ಜ್ಯಾಕಿಗೆ ತಂತಿ ಪಂಚ್ ಮಾಡಿದ (ಒತ್ತಿ ಕೂರಿಸಿದ) ಹುಡುಗ ಟೂಲ್ ಹಿಡಿದು ಪಕ್ಕದಲ್ಲೇ ಇರಬೇಕು. ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನ ತಾರೀಕು ನೋಡದೆ ಬಾಡಿಗೆ ಕೊಡಬೇಡಿ.

ರಿಪೋರ್ಟ್ ಪಡೆಯುವವರಿಗೂ ಒಂದು ಮಾತು. ಪಿಡಿಎಫ್ ಒಂದನ್ನೇ ತೆಗೆದುಕೊಳ್ಳಬೇಡಿ, ಫ್ಲೂಕ್‌ನ ರಿಪೋರ್ಟ್ ತಂತ್ರಾಂಶ ಲಿಂಕ್‌ವೇರ್‌ನ ಮೂಲ ಫೈಲ್ ಕೇಳಿ. ಒಂದೇ ಒಳ್ಳೆಯ ಲಿಂಕನ್ನು ಮತ್ತೆ ಮತ್ತೆ ಅಳೆದು ಬೇರೆ ಬೇರೆ ಹೆಸರಲ್ಲಿ ಉಳಿಸುವ ಕೈಚಳಕ ಈ ಧಂದೆಯಲ್ಲಿ ಇದೆ. ಸಾಲು ಸಾಲು ಕೋಣೆಗಳಿಗೆ ಒಂದೇ ಉದ್ದ ಕಂಡರೆ ಕೇಳಿ. ಪಾಸ್ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಫಲಿತಾಂಶ ಯಂತ್ರದ ನಿಖರತೆಯ ಅಂಚಿನಲ್ಲಿದೆ ಅಂತ ಅರ್ಥ. ಅದನ್ನು ಒಪ್ಪುವುದೋ ಮತ್ತೆ ಪಂಚ್ ಮಾಡಿಸುವುದೋ ಮೊದಲೇ ಮಾತಾಡಿಕೊಳ್ಳಿ.

ಹೊರಗೆ ಪೈಪಿನಲ್ಲಿ ಹೋಗುವ ಕೇಬಲ್ಲನ್ನು ಮಾರ್ಚಿನಲ್ಲಿ ಪಾಸ್ ಮಾಡಿಸಿ ಸುಮ್ಮನಾಗುವಂತಿಲ್ಲ. ಮಳೆಗಾಲದಲ್ಲಿ ಪೈಪಿನಲ್ಲಿ ನೀರು ನಿಂತು ಹೊದಿಕೆಯೊಳಗೆ ತೇವ ಇಳಿದರೆ ಇನ್ಸರ್ಷನ್ ಲಾಸ್ (ದಾರಿಯಲ್ಲಿ ಕರಗುವ ಸಿಗ್ನಲ್) ಏರುತ್ತದೆ, ರಿಟರ್ನ್ ಲಾಸ್ (ಹಿಂದಕ್ಕೆ ಪ್ರತಿಫಲಿಸುವ ಸಿಗ್ನಲ್‌ನ ಅಳತೆ) ಕೆಡುತ್ತದೆ. ಅಂಥವನ್ನು ಸೆಪ್ಟೆಂಬರ್ ಕಳೆದ ಮೇಲೆ ಇನ್ನೊಮ್ಮೆ ಅಳೆದು ಹಳೇ ರಿಪೋರ್ಟಿನ ಪಕ್ಕ ಇಟ್ಟು ನೋಡುತ್ತೇನೆ. ಬಂಗಲೆಯಿಂದ ಲೈನ್ ಮನೆಗೋ (ಕಾರ್ಮಿಕರ ಸಾಲುಮನೆ) ಕಣಕ್ಕೋ 90 ಮೀಟರ್ ದಾಟಿದರೆ, ಅಥವಾ ಏಪ್ರಿಲ್-ಮೇ ಸಿಡಿಲಿಗೆ ಒಡ್ಡಿಕೊಂಡ ಜಾಗವಾದರೆ, ತಾಮ್ರ ಬಿಟ್ಟು ಫೈಬರ್ ಎಳೆಯಿರಿ. ಅಲ್ಲಿ ಬೇಕಾದದ್ದು ಲೈಟ್ ಸೋರ್ಸ್ ಮತ್ತು ಪವರ್ ಮೀಟರ್, ಈ ಐದರಲ್ಲಿ ಯಾವುದೂ ಅಲ್ಲ.