9090 ತಲುಪಿತಾ? ಐದು ಬಿಲ್ಡ್ ಟೂಲ್‌ಗಳಿಗೆ ಆರ್ಗ್ಯುಮೆಂಟ್ ಕೊಟ್ಟು ನೋಡಿದೆ

ಒಂದು ಪುಟ್ಟ ಸರ್ವರ್ ಪ್ರೋಗ್ರಾಂ ಇದೆ. ಏನೂ ಹೇಳದೆ ಓಡಿಸಿದರೆ 8080 ಪೋರ್ಟ್‌ನಲ್ಲಿ (ಸರ್ವರ್ ಸಂಪರ್ಕಕ್ಕೆ ಕಾಯುವ ಬಾಗಿಲಿನ ನಂಬರು) ಏಳುತ್ತದೆ. ನನಗೆ ಬೇಕಿದ್ದದ್ದು 9090. ಈ ನಂಬರನ್ನು ಕೋಡ್ ಕಟ್ಟಿ ಓಡಿಸುವ ಬಿಲ್ಡ್ ಟೂಲ್‌ಗಳಾದ ಮೇಕ್, ಗ್ರೇಡಲ್, ಮೇವನ್, ಎನ್‌ಪಿಎಂ, ಕಾರ್ಗೋ ಐದರಲ್ಲೂ ಆರ್ಗ್ಯುಮೆಂಟ್ ಆಗಿ, ಅಂದರೆ ಕಮಾಂಡ್ ಜೊತೆಗೇ ಟೈಪ್ ಮಾಡಿ, ಕಮಾಂಡ್ ಲೈನ್‌ನಿಂದ ಕಳಿಸಿ ನೋಡಿದೆ. ಕೊನೆಯ ಎರಡಕ್ಕೆ ಅದೇ ಪ್ರೋಗ್ರಾಂ ಅನ್ನು ಆಯಾ ಭಾಷೆಯಲ್ಲಿ ಬರೆದುಕೊಂಡೆ. ಟೈಪ್ ಮಾಡೋಕೆ ಯಾವುದು ಸುಲಭ ಅಂತ ನೋಡಲು ಹೊರಟಿದ್ದೆ. ನೋಡುತ್ತಾ ನೋಡುತ್ತಾ ಅಳತೆಗೋಲೇ ಬದಲಾಯಿತು: ನಾನು ತಪ್ಪಾಗಿ ಕೊಟ್ಟರೆ ಟೂಲ್ ಬಾಯಿ ಬಿಡುತ್ತದೆಯೋ, ಸುಮ್ನೆ ನುಂಗುತ್ತದೆಯೋ?

ಮೇಕ್ 1976ರಷ್ಟು ಹಳೆಯದು. ಅದಕ್ಕೆ ಗೊತ್ತಿರುವುದು ಟಾರ್ಗೆಟ್ (ಮಾಡಬೇಕಾದ ಕೆಲಸದ ಹೆಸರು) ಮತ್ತು ವೇರಿಯಬಲ್. ‘ಮೇಕ್ ರನ್ 9090’ ಅಂದರೆ ಮೊದಲು ರನ್ ಅನ್ನು 8080ರಲ್ಲೇ ಓಡಿಸುತ್ತದೆ, ಅದು ಮುಗಿದ ಮೇಲೆ 9090 ಅನ್ನೋ ಟಾರ್ಗೆಟ್ ಹುಡುಕುತ್ತದೆ! ಹಾಗಾಗಿ ‘ಮೇಕ್ ರನ್ ಪೋರ್ಟ್=9090’ ಅಂತ ವೇರಿಯಬಲ್ ಕೊಡಬೇಕು. ಕೆಲಸ ಆಗುತ್ತದೆ, ಆದರೆ ಮೇಕ್‌ಫೈಲ್‌ನಲ್ಲಿ (ಮೇಕ್ ಓದುವ ಸೂಚನೆಗಳ ಫೈಲ್) ಆ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿದ್ದು ನೀವು ಸಣ್ಣಕ್ಷರದಲ್ಲಿ ಬರೆದರೆ ಮುಗೀತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸರ್ವರ್ ನಗುನಗುತ್ತಾ 8080ರಲ್ಲಿ ಎದ್ದಿರುತ್ತದೆ. ಅದೇ ಪೋರ್ಟ್=9090 ಅನ್ನು ಮೇಕ್‌ಗಿಂತ ಮುಂಚೆ ಬರೆದರೆ ಅದು ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಹೊರಗಿನ ಶೆಲ್ ಕೊಡುವ ವೇರಿಯಬಲ್. ಆಗ ಫೈಲ್‌ನಲ್ಲಿ ಬರೀ ‘=’ ಇದ್ದರೆ ಫೈಲ್ ಗೆಲ್ಲುತ್ತದೆ, ‘?=’ ಇದ್ದರೆ ನೀವು ಗೆಲ್ಲುತ್ತೀರಿ. ಇನ್ನು ಹೀಗೆ ಕಳಿಸುವುದು ಪಾಸ್‌ವರ್ಡ್ ಆಗಿದ್ದು ಅದರಲ್ಲಿ ಡಾಲರ್ ಚಿಹ್ನೆ ಇದ್ದರೆ ಮೇಕ್ ಅದನ್ನೂ ಅದರ ಮುಂದಿನ ಅಕ್ಷರವನ್ನೂ ವೇರಿಯಬಲ್ ಅಂದುಕೊಂಡು ತಿಂದುಬಿಡುತ್ತದೆ. ತಪ್ಪಿಸಲು ಡಾಲರ್ ಎರಡು ಸಲ ಬರೆಯಬೇಕು.

ಗ್ರೇಡಲ್‌ನಲ್ಲಿ ಮೂರು ಬಾಗಿಲು. 4.9 ಆವೃತ್ತಿಯಿಂದ ‘ಗ್ರೇಡಲ್ ರನ್ --ಆರ್ಗ್ಸ್="--ಪೋರ್ಟ್ 9090"’ ಅಂತ ನೇರವಾಗಿ ಪ್ರೋಗ್ರಾಂಗೆ ಕೊಡಬಹುದು, ಅಪ್ಲಿಕೇಶನ್ ಪ್ಲಗಿನ್ ಇರಬೇಕಷ್ಟೇ. ಮೈನಸ್ ಪಿ (-P) ಕೊಟ್ಟರೆ ಬಿಲ್ಡ್ ಸ್ಕ್ರಿಪ್ಟ್‌ಗೆ ಹೋಗುತ್ತದೆ. ಮೈನಸ್ ಡಿ (-D)? ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದದ್ದು ಇಲ್ಲೇ. ಟೆಸ್ಟ್‌ಗೆ ಮೈನಸ್ ಡಿಯಲ್ಲಿ ಪೋರ್ಟ್ ಕೊಟ್ಟೆ, ಟೆಸ್ಟ್ ಒಳಗೆ ಓದಿದರೆ ನಲ್, ಅಂದರೆ ಏನೂ ಇಲ್ಲ. ಅಕ್ಷರ ಅಕ್ಷರ ನೋಡಿದೆ, ಕ್ಯಾಶ್ ಅಳಿಸಿದೆ, ಪೂರ್ತಿ ಕ್ಲೀನ್ ಮಾಡಿ ಓಡಿಸಿದೆ. ಮತ್ತೆ ನಲ್. ಆಮೇಲೆ ಹೊಳೆಯಿತು: ಆ ನಂಬರು ಗ್ರೇಡಲ್‌ನ ಜೆವಿಎಂಗೆ (ಜಾವಾ ಪ್ರೋಗ್ರಾಂ ಓಡಿಸುವ ಯಂತ್ರಾಂಶ) ಹೋಗಿದೆ, ಟೆಸ್ಟ್ ಓಡುವುದು ಬೇರೆ ಜೆವಿಎಂನಲ್ಲಿ. ಟೆಸ್ಟ್ ಟಾಸ್ಕ್‌ನಲ್ಲಿ ‘ಸಿಸ್ಟಂಪ್ರಾಪರ್ಟಿ’ ಅಂತ ಒಂದು ಸಾಲು ಬರೆದು ನಾವೇ ದಾಟಿಸಬೇಕು.

ಮೇವನ್‌ನಲ್ಲಿ ಈ ಪಾಡಿಲ್ಲ. ಮೈನಸ್ ಡಿಯಲ್ಲಿ ಕೊಟ್ಟದ್ದನ್ನು ಟೆಸ್ಟ್ ಓಡಿಸುವ ಪ್ಲಗಿನ್ ಶೂರ್‌ಫೈರ್ ತಾನೇ ಟೆಸ್ಟ್ ಜೆವಿಎಂಗೆ ಮುಟ್ಟಿಸುತ್ತದೆ. ಆದರೆ ಪಾಮ್ ಫೈಲ್‌ನ (ಮೇವನ್ ಓದುವ ಸೂಚನೆಗಳ ಫೈಲ್) ಪ್ಲಗಿನ್ ಕಾನ್ಫಿಗರೇಶನ್‌ನಲ್ಲಿ ಯಾರೋ ನಂಬರನ್ನು ನೇರವಾಗಿ ಬರೆದಿಟ್ಟಿದ್ದರೆ ನಮ್ಮ ಮೈನಸ್ ಡಿಗೆ ಕಿಮ್ಮತ್ತಿಲ್ಲ. ಅದನ್ನು ಪ್ರಾಪರ್ಟಿಯಾಗಿ ಬರೆದಿದ್ದರೆ ಮಾತ್ರ ಕಮಾಂಡ್ ಲೈನ್ ಗೆಲ್ಲುತ್ತದೆ. ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಲೈನ್) ಬಳಸುವವರು ಹೆಸರಲ್ಲಿ ಚುಕ್ಕೆ ಇರುವ ಮೈನಸ್ ಡಿಯನ್ನು ಪೂರ್ತಿ ಕೋಟ್ ಒಳಗೆ ಹಾಕಿ, ಇಲ್ಲದಿದ್ದರೆ ಚುಕ್ಕೆಯ ಹತ್ತಿರ ಎರಡು ತುಂಡಾಗುತ್ತದೆ.

ಎನ್‌ಪಿಎಂ, ಕಾರ್ಗೋ ಎರಡಕ್ಕೂ ಗುಟ್ಟು ಒಂದೇ: ನಡುವೆ ಎರಡು ಗೆರೆ (--). ‘ಎನ್‌ಪಿಎಂ ರನ್ ಸ್ಟಾರ್ಟ್ -- --ಪೋರ್ಟ್ 9090’. ಆ ಗೆರೆ ಮರೆತರೆ ಎನ್‌ಪಿಎಂ ‘--ಪೋರ್ಟ್’ ಅನ್ನು ತನ್ನದೇ ಸೆಟ್ಟಿಂಗ್ ಅಂದುಕೊಂಡು ಇಟ್ಟುಕೊಳ್ಳುತ್ತದೆ, ಸ್ಕ್ರಿಪ್ಟ್‌ಗೆ ತಲುಪುವುದು ಬರೀ 9090. ನನ್ನ ಪ್ರೋಗ್ರಾಂ ಅದನ್ನು ಫೈಲ್ ಹೆಸರು ಅಂದುಕೊಂಡಿತು, ಪಾಪ.

ಕಾರ್ಗೋದಲ್ಲೂ ಬೇಕಂತಲೇ ಗೆರೆ ಬಿಟ್ಟೆ. ಈ ಆಪ್ಷನ್ ನನಗೆ ಗೊತ್ತಿಲ್ಲ ಅಂತ ಅಲ್ಲೇ ನಿಂತುಬಿಟ್ಟಿತು, ಏನೂ ಓಡಿಸಲಿಲ್ಲ. ಎರಡು ಗೆರೆ ಸೇರಿಸಿದೆ, 9090 ಬಂತು. ಡಾಕ್ಯುಮೆಂಟೇಶನ್ ತೆರೆಯದೆ ಸರಿ ಮಾಡಿಕೊಂಡದ್ದು ಐದರಲ್ಲಿ ಇದೊಂದನ್ನೇ.