ದೇವರಾಯನದುರ್ಗದ ಹಾದಿಯ ಶಿಬಿರತಾಣ: ನಡೆಸಿಕೊಡುವವರು ಗಟ್ಟಿ, ಬಿಸಿನೀರು ಸಾಲದು

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವಾಗ, ನಾಮದ ಚಿಲುಮೆಗಿಂತ ಮುಂಚೆ, ಶಿಬಿರಕ್ಕೆ ಬಾಡಿಗೆ ಕೊಡುವ ತೋಟದ ಮನೆಯೊಂದಿದೆ. ಜಾಗದ ಜೊತೆ ಶಿಬಿರ ನಡೆಸಿಕೊಡುವ ಇಬ್ಬರನ್ನೂ ಅವರೇ ಕೊಡುತ್ತಾರೆ. ಈ ವಿಮರ್ಶೆ ಮಠಾಧೀಶರು, ಪಾದ್ರಿಗಳು, ಮೌಲ್ವಿಗಳು, ಜೈನ ಭಟ್ಟಾರಕರು ಒಟ್ಟಿಗೆ ಎರಡು ರಾತ್ರಿ ಉಳಿದು ಮಾತಾಡುವಂಥ ಶಿಬಿರಕ್ಕೆ ಮಾತ್ರ ಸಂಬಂಧಿಸಿದ್ದು. ಕಂಪನಿಯವರ ಮೋಜಿನ ಕೂಟಕ್ಕೆ ಹೇಗಿದೆಯೋ, ಅದು ಇಲ್ಲಿಯ ವಿಷಯವಲ್ಲ.

ಇವರು ಬಳಸುವುದು ಓಪನ್ ಸ್ಪೇಸ್ ಪದ್ಧತಿ. ಸಮ್ಮೇಳನಗಳಲ್ಲಿ ಜನ ಮನಸ್ಸು ಬಿಚ್ಚಿ ಮಾತಾಡುವುದು ಕಾಫಿ ಬಿಡುವಿನಲ್ಲೇ ಎಂದು ಕಂಡುಕೊಂಡ ಅಮೆರಿಕದ ಹ್ಯಾರಿಸನ್ ಓವೆನ್ 1985ರಲ್ಲಿ ಶುರು ಮಾಡಿದ್ದು. ಉದ್ಘಾಟನೆ ಇಲ್ಲ, ಮುಖ್ಯ ಅತಿಥಿ ಇಲ್ಲ, ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆಯ ಕಾರ್ಯಕ್ರಮ ಪಟ್ಟಿಯೂ ಇಲ್ಲ. ಎಲ್ಲರೂ ವೃತ್ತದಲ್ಲಿ ಕೂರುತ್ತಾರೆ. ವಿಷಯ ಇದ್ದವರು ನಡುವೆ ಬಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಗೋಡೆಯ ಮೇಲೆ ತಮಗೆ ಬೇಕಾದ ಹೊತ್ತು, ಜಾಗದ ಕೆಳಗೆ ಅಂಟಿಸುತ್ತಾರೆ. ಮಿಕ್ಕವರು ಗೋಡೆ ನೋಡಿ ತಮಗೆ ಬೇಕಾದ ಕಡೆ ಹೋಗಿ ಕೂರುತ್ತಾರೆ. ‘ಯಾವಾಗ ಶುರುವಾಯಿತೋ ಅದೇ ಸರಿಯಾದ ಹೊತ್ತು’ ಎಂಬುದು ಇದರ ಸೂತ್ರಗಳಲ್ಲೊಂದು. ನಮ್ಮ ಸಭೆಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಕಷ್ಟವಿರುವುದು ‘ಎರಡು ಪಾದ’ದ ನಿಯಮದಲ್ಲಿ. ಕೂತ ಗುಂಪಿನಿಂದ ನಿಮಗೂ ಉಪಯೋಗವಿಲ್ಲ, ನಿಮ್ಮಿಂದ ಅದಕ್ಕೂ ಉಪಯೋಗವಿಲ್ಲ ಅನ್ನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಬೇಕು. ಹಿರಿಯ ಬುದ್ಧಿಯವರು ಮಾತಾಡುತ್ತಿರುವಾಗ ಕಿರಿಯ ಸ್ವಾಮಿಗಳು ಎದ್ದು ನಡೆಯುವುದುಂಟೇ? ಹಾಗಾಗಿ ಎಲ್ಲರೂ ಹಿರಿಯರ ಗುಂಪಿನಲ್ಲೇ ಕೂತು, ಗುಂಪುಗಳಿಗಿಟ್ಟ ನಾಲ್ಕು ಜಾಗಗಳಲ್ಲಿ ಮಿಕ್ಕ ಮೂರು ಖಾಲಿ ಹೊಡೆಯುತ್ತವೆ. ಈ ಪದ್ಧತಿಯನ್ನು ಪುಸ್ತಕದಲ್ಲಿದ್ದಂತೆ ನಡೆಸಿದ ಕಡೆ ಕೆಟ್ಟಿರುವುದು ಇಲ್ಲೇ. ಈ ತಂಡ ಅದಕ್ಕೊಂದು ಉಪಾಯ ಮಾಡಿದೆ: 25 ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತಾರೆ, ಆಗ ಮಾತಾಡುತ್ತಿರುವವರೂ ಸೇರಿ ಎಲ್ಲರೂ ಏಳಬೇಕು. ಎಲ್ಲರೂ ಎದ್ದ ಮೇಲೆ ಯಾರು ಎಲ್ಲಿಗೆ ಹೋಗಿ ಕೂತರೂ ಅಗೌರವವಲ್ಲ. ಒಳ್ಳೆಯ ಮಾತು ಅರ್ಧಕ್ಕೆ ಕಡಿಯುವುದೂ ಉಂಟು. ಆದರೂ ಇದಕ್ಕಿಂತ ಸರಳ ದಾರಿ ಕಾಣುವುದಿಲ್ಲ.

ಕುರ್ಚಿಗಳ ವಿಷಯದಲ್ಲೂ ಇವರಿಗೆ ಅನುಭವವಿದೆ. ಎಲ್ಲವೂ ಒಂದೇ ಎತ್ತರದವು. ಸಭಾಂಗಣದಲ್ಲಿದ್ದ ಕೆತ್ತನೆಯ ದೊಡ್ಡ ಕುರ್ಚಿಗಳನ್ನು ಮೊದಲೇ ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ. ಕಣ್ಣಿಗೆ ಬಿದ್ದರೆ ಶಿಷ್ಯರು ಎತ್ತಿ ತಂದೇ ತರುತ್ತಾರೆ. ಕುರ್ಚಿಯ ಮೇಲೆ ಸ್ವಂತ ಕಾವಿ ವಸ್ತ್ರ ಹಾಸಿಕೊಳ್ಳಲು ಅಡ್ಡಿಯಿಲ್ಲ. ಎದೆಗೆ ಸಿಕ್ಕಿಸುವ ಚೀಟಿಯಲ್ಲಿ ಹೆಸರು, ಊರು ಅಷ್ಟೇ. 108, 1008 ಎಲ್ಲ ಬರೆಯಹೊರಟರೆ ಹೆಸರಿಗೆ ಜಾಗವೇ ಉಳಿಯುವುದಿಲ್ಲ.

ಮೊದಲ ಅರ್ಧ ಗಂಟೆ ಯಾರೂ ಎದ್ದು ಬಂದು ಬರೆಯುವುದಿಲ್ಲ, ಹಿರಿಯರು ಏಳಲಿ ಎಂದು ಕಾಯುತ್ತಾರೆ. ಇದು ಗೊತ್ತಿದ್ದೇ ತಂಡದವರು ಹಿಂದಿನ ಸಂಜೆ ಹಿರಿಯರಿಬ್ಬರನ್ನು ಕಂಡು, ‘ಕಿರಿಯರು ಮೊದಲು ಬರೆಯಲಿ’ ಎಂಬ ಮಾತು ಅವರ ಬಾಯಿಂದಲೇ ಬರುವಂತೆ ನೋಡಿಕೊಳ್ಳುತ್ತಾರೆ. ಹಾಳೆಯಲ್ಲಿ ಒಂದೇ ವಾಕ್ಯ, ಅದೂ ಪ್ರಶ್ನೆ. ‘ಸಮಾಜದಲ್ಲಿ ಧರ್ಮದ ಪಾತ್ರ’ ಎಂದು ಬರೆದರೆ ನಯವಾಗಿ ವಾಪಸ್ ಕೊಡುತ್ತಾರೆ. ‘ಹಾಸ್ಟೆಲಿನಲ್ಲಿ ಓದಿದ ಹುಡುಗರು ಆಮೇಲೆ ಮಠದ ಕಡೆ ತಲೆ ಹಾಕುವುದಿಲ್ಲವೇಕೆ?’ ಎಂದರೆ ಗೋಡೆಗೆ ಹೋಗುತ್ತದೆ. ಈ ಬಿಗಿ ಇಲ್ಲದಿದ್ದರೆ ಪ್ರತಿ ಗುಂಪೂ ಒಂದೊಂದು ಆಶೀರ್ವಚನವಾಗುತ್ತದೆ.

24 ಜನಕ್ಕೆ ನಾಲ್ಕು ಜಾಗ, ದಿನಕ್ಕೆ ನಾಲ್ಕು ಸರದಿ, ಒಂದೊಂದೂ 75 ನಿಮಿಷ, ನಡುವೆ ಕಾಲು ಗಂಟೆ. ಗೋಡೆಯ ಮೇಲೆ ಮೊದಲು ಬೀಳುವುದು ಜುಹರ್, ಅಸರ್ ನಮಾಜಿನ ಪಟ್ಟಿ ಮತ್ತು ಸಂಜೆಯ ಇಷ್ಟಲಿಂಗ ಪೂಜೆಯ ಹೊತ್ತು. ವಿಷಯಗಳು ಉಳಿದ ಜಾಗದಲ್ಲಿ. ಮಳೆಗಾಲದಲ್ಲಿ ಟೇಪು ಸುಣ್ಣದ ಗೋಡೆಗೆ ನಿಲ್ಲುವುದಿಲ್ಲ, ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಎಂದು ಮೊದಲೇ ಹೇಳಿಬಿಡಿ. ಪ್ರತಿ ಗುಂಪಿನಿಂದ ಒಂದೇ ಪುಟದ ವರದಿ: ಕರೆದವರು, ಕೂತವರು, ಬಂದ ಮಾತು, ಮುಂದೆ ಯಾರು ಏನು ಮಾಡುತ್ತಾರೆ. ಯಾವ ಮಾತು ಯಾರದು ಎಂದು ಬರೆಯುವುದಿಲ್ಲ. ಅದು ಸರಿಯೇ. ಆದರೆ ಶಿಷ್ಯರ ಮೊಬೈಲಿಗೆ ಕಡಿವಾಣವಿಲ್ಲ. ಕಿಟಕಿಯಿಂದ ತೆಗೆದ ಫೋಟೋ ಊಟದ ಹೊತ್ತಿಗೆ ಫೇಸ್‌ಬುಕ್ಕಿನಲ್ಲಿ ಬಿದ್ದರೆ ಮಧ್ಯಾಹ್ನದ ಮಾತು ಒಣ ಮಾತಾಗುತ್ತದೆ. ಶಿಷ್ಯರಿಗೂ ಡ್ರೈವರುಗಳಿಗೂ ಬೇರೆ ಕೋಣೆ, ಬೇರೆ ಚಹಾ ಇಡಿಸಲೇಬೇಕು.

ಅಡುಗೆಗೆ ಹೆಸರಿಡುವ ಹಾಗಿಲ್ಲ. ಮುದ್ದೆ, ಬಸ್ಸಾರು, ಬೆಳಿಗ್ಗೆ ತಟ್ಟೆ ಇಡ್ಲಿ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಸೇರದ ಪಾತ್ರೆ ಬೇರೆ, ಜೈನರಿಗೆ ಸೂರ್ಯಾಸ್ತದೊಳಗೆ ಊಟ.

ಬಿಸಿನೀರು ಮಾತ್ರ ದೊಡ್ಡ ಕೊರತೆ. ಇರುವುದು 300 ಲೀಟರಿನ ಒಂದೇ ಸೋಲಾರ್ ಟ್ಯಾಂಕು. ಸಂಜೆ ಡ್ರೈವರುಗಳು, ಶಿಷ್ಯರು ಸ್ನಾನ ಮಾಡಿದರೆ ಖಾಲಿಯಾದ ಜಾಗಕ್ಕೆ ತಣ್ಣೀರು ಸೇರುತ್ತದೆ, ರಾತ್ರಿ ಅದು ಕಾಯುವುದಿಲ್ಲ. ಬೆಳಗಿನ ಪೂಜೆಗೆ ಮುಂಚೆ, ನಾಲ್ಕೂವರೆಗೆ, ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಬರುವುದು ಉಗುರು ಬೆಚ್ಚಗಿನ ನೀರು. ಮೋಡವಿದ್ದರೆ ಅದೂ ಇಲ್ಲ. ಹಿತ್ತಲಲ್ಲಿ ಎರಡು ಹಂಡೆ ಒಲೆಗಳಿವೆ. ಮೂರೂವರೆಗೇ ಉರಿ ಹಾಕಲು ಆಳು ಬೇಕೆಂದು ಬುಕಿಂಗ್ ಚೀಟಿಯಲ್ಲೇ ಬರೆಸಿ. ಪೂಜೆಯ ಬಾಳೆಹಣ್ಣನ್ನು ಕಿಟಕಿಯ ಹತ್ತಿರ ಇಡಬೇಡಿ, ಕೋತಿಗಳಿಗೆ ಸರಳಿನ ಸಂದು ಸಾಕು.

ದಿನ ಗೊತ್ತುಮಾಡುವಾಗ ಮಂಗಳವಾರದಿಂದ ಗುರುವಾರ ಹಿಡಿಯಿರಿ: ಶುಕ್ರವಾರ ಜುಮ್ಮಾ, ಭಾನುವಾರ ಚರ್ಚು. ಚಾತುರ್ಮಾಸ್ಯಕ್ಕೆ ಕೂತ ಯತಿಗಳು ಊರು ಬಿಟ್ಟು ಬರುವುದಿಲ್ಲ, ರಂಜಾನಿನಲ್ಲಿ ಮೌಲ್ವಿಗಳಿಗೆ ಬಿಡುವಿಲ್ಲ. ಶಿವರಾತ್ರಿಯ ಆಸುಪಾಸು ಸಿದ್ಧಗಂಗೆ ಜಾತ್ರೆ. ಆಗ ತುಮಕೂರಿನ ಸುತ್ತಮುತ್ತಲ ಮಠದವರನ್ನು ಕರೆಯಲು ಹೋಗಬೇಡಿ.